120 ಮಿಲಿಮೀಟರ್ ಸಾಕಾ?

ಇದು ಮೌಂಟನ್ ಬೈಕ್, ಅಂದರೆ ಕಾಡು, ಕಲ್ಲುದಾರಿಯ ಸೈಕಲ್. ಇದರ ಹಿಂದಿನ ಷಾಕ್ ನೋಡಿ, ಅಂದರೆ ಏಟು ನುಂಗುವ ಈ ಕೊಳವೆ. ಅದರ ನುಣುಪಾದ ಕಂಬಿಯ ಮೇಲೆ ಒಂದು ಸಣ್ಣ ಕಪ್ಪು ರಬ್ಬರ್ ಉಂಗುರ ಇದೆ. ಮುಂದಿನ ಸಾಲಿನವರಿಗೆ ಕಾಣಿಸುತ್ತಿರಬಹುದು. ಷಾಕ್ ಎಷ್ಟು ಅದುಮುತ್ತದೋ ಅಷ್ಟು ದೂರ ಈ ಉಂಗುರ ಜರುಗಿ, ಅಲ್ಲೇ ನಿಂತುಬಿಡುತ್ತದೆ. ಕಳೆದ ಭಾನುವಾರ ಯಲಹಂಕದ ಆಚೆ ಅವಲಹಳ್ಳಿ ಕಾಡಿನಲ್ಲಿ ಎರಡು ಗಂಟೆ ಓಡಿಸಿ ಬಂದೆ. ಆಮೇಲೆ ಇದನ್ನು ಮುಟ್ಟಿಲ್ಲ. ಉಂಗುರ ನಿಂತ ಜಾಗದಿಂದ ಕೊನೆಯವರೆಗೆ ಇನ್ನೂ ನಾಲ್ಕು ಮಿಲಿಮೀಟರ್ ಉಳಿದಿದೆ. ಅಂದರೆ ಅಷ್ಟು ಬಂಡೆ, ಅಷ್ಟು ಕೊರಕಲು ದಾಟಿಯೂ ಪೂರ್ತಿ ಟ್ರಾವೆಲ್ ಒಮ್ಮೆಯೂ ಖರ್ಚಾಗಲಿಲ್ಲ.

ಟ್ರಾವೆಲ್ ಅಂದರೆ ಚಕ್ರ ಮೇಲಕ್ಕೆ ಎಷ್ಟು ಸರಿಯಬಲ್ಲದು ಅನ್ನುವ ಅಳತೆ. ಈ ಸೈಕಲ್ಲಿಗೆ ಹಿಂದೆ 120 ಮಿ.ಮೀ., ಮುಂದೆಯೂ 120. ಬರೀ ಇಳಿಜಾರಿಗೆ ಅಂತಲೇ ಮಾಡಿದ ಡೌನ್‌ಹಿಲ್ ಸೈಕಲ್ಲುಗಳಿಗೆ 200ರ ಹತ್ತಿರ ಇರುತ್ತದೆ. ದೊಡ್ಡ ಇಳಿಜಾರಿಗೂ ತುಳಿಯುವುದಕ್ಕೂ ಆಗುವ, ಎಂಡ್ಯೂರೋ ಅಂತ ಕರೆಯುವವುಗಳಿಗೆ 160, 170. ಸಾಮಾನ್ಯ ಟ್ರೇಲ್ ಬೈಕಿಗೆ, ಅಂದರೆ ಕಾಡುದಾರಿಯಲ್ಲಿ ಏರಿಳಿಯುವ ಸೈಕಲ್ಲಿಗೆ, 130ರಿಂದ 150. ಆ ಸಾಲಿನಲ್ಲಿ 120 ತುಂಬಾ ಸಣ್ಣ ಸಂಖ್ಯೆ. ಅದಕ್ಕೇ ಟ್ರೇಲಿನಲ್ಲಿ ಸಿಕ್ಕವರೆಲ್ಲ ಇದನ್ನು ನೋಡಿ ಮೊದಲು ಕೇಳುವುದು ಒಂದೇ ಪ್ರಶ್ನೆ: "ಇಷ್ಟು ಸಾಕಾ?"

ನಾನೂ ಒಂದು ಕಾಲದಲ್ಲಿ ಸಾಲದು ಅಂದುಕೊಂಡವನೇ. ನನ್ನ ಮೊದಲ ಫುಲ್ ಸಸ್ಪೆನ್ಷನ್ ಸೈಕಲ್, ಅಂದರೆ ಹಿಂದೆ ಮುಂದೆ ಎರಡೂ ಕಡೆ ಏಟು ತಡೆಯುವ ವ್ಯವಸ್ಥೆ ಇರುವಂಥದ್ದು, 150 ಮಿ.ಮೀ.ದ್ದು. ತೂಕ 15 ಕೆ.ಜಿ. ಎರಡು ವರ್ಷ ಅದನ್ನೇ ಓಡಿಸಿದೆ. ಆಮೇಲೆ ಇದಕ್ಕೆ ಬಂದೆ. ಎರಡನ್ನೂ ಒಂದೇ ಕಾಡಿನಲ್ಲಿ, ಒಂದೇ ದಾರಿಯಲ್ಲಿ ಓಡಿಸಿದ್ದರಿಂದ ವ್ಯತ್ಯಾಸ ಏನು ಅನ್ನುವುದು ಮೈಗೆ ಗೊತ್ತಾಯಿತು.

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ನೀವು ಸೈಕಲ್ ಮೇಲೆ ಕೂತ ತಕ್ಷಣ ನಿಮ್ಮ ತೂಕಕ್ಕೇ ಸಸ್ಪೆನ್ಷನ್ ಸ್ವಲ್ಪ ಕುಸಿಯುತ್ತದೆ. ಅದಕ್ಕೆ ಸ್ಯಾಗ್ ಅನ್ನುತ್ತೇವೆ. ಅದು ಇರಲೇಬೇಕು. ಚಕ್ರ ಗುಂಡಿಗೆ ಇಳಿಯುವಾಗ ಕೆಳಕ್ಕೆ ಚಾಚಲು ಜಾಗ ಬೇಕಲ್ಲ. ಸುಮಾರು 30 ಪರ್ಸೆಂಟ್ ಸ್ಯಾಗ್ ಅಂತ ಇಟ್ಟುಕೊಳ್ಳಿ. 150ರ ಸೈಕಲ್ಲಿನಲ್ಲಿ 45 ಮಿ.ಮೀ. ಕೂತಾಗಲೇ ಹೋಯಿತು, ಉಳಿದದ್ದು 105. 120ರದ್ದರಲ್ಲಿ 36 ಹೋಯಿತು, ಉಳಿದದ್ದು 84. ಕ್ಯಾಟಲಾಗ್‌ನಲ್ಲಿ 30 ಮಿ.ಮೀ. ಅಂತ ಕಾಣುವ ವ್ಯತ್ಯಾಸ, ಕಲ್ಲು ಎದುರಿಗೆ ಬಂದಾಗ 21 ಮಿ.ಮೀ. ಮಾತ್ರ. ನಿಮ್ಮ ಹೆಬ್ಬೆರಳಿನ ಅಗಲ ನೋಡಿಕೊಳ್ಳಿ. ಅದಕ್ಕಿಂತ ತುಸು ಜಾಸ್ತಿ, ಅಷ್ಟೇ.

ಆ 21 ಮಿ.ಮೀ. ಏನೂ ಅಲ್ಲ ಅಂತ ನಾನು ಹೇಳುತ್ತಿಲ್ಲ. ಅದು ಬೇಕೇ ಬೇಕು ಅನ್ನಿಸುವ ಜಾಗಗಳಿವೆ, ಅಲ್ಲಿಗೂ ಬರುತ್ತೇನೆ. ಆದರೆ ನಮ್ಮ ಟ್ರೇಲುಗಳಲ್ಲಿ ನಾವು ಮಾಡುವುದೇನು ಅಂತ ಯೋಚಿಸಿ. ಎರಡು ಗಂಟೆಯಲ್ಲಿ ನಿಜವಾದ ಇಳಿಜಾರು ಸಿಗುವುದು ಎಷ್ಟು ಹೊತ್ತು? ಒಂದೊಂದು ಇಳಿತ ಒಂದು ನಿಮಿಷ, ಜಾಸ್ತಿ ಅಂದರೆ ಎರಡು. ಮಿಕ್ಕಿದ್ದೆಲ್ಲ ತುಳಿಯುವುದೇ.

ಹಾಗಾಗಿ ಏರಿನಿಂದಲೇ ಶುರು ಮಾಡುತ್ತೇನೆ. ಬೆಂಗಳೂರಿನ ಸುತ್ತಲಿನ ಏರುಗಳ ಸ್ವಭಾವ ನಿಮಗೆ ಗೊತ್ತು. ಕೆಳಗೆ ಗಟ್ಟಿ ನೆಲ, ಮೇಲೆ ಮೊರಂ ಕಲ್ಲಿನ ಸಣ್ಣ ಹರಳು. ಕಲ್ಲುಚಪ್ಪಡಿ ಮೇಲೆ ರಾಗಿ ಚೆಲ್ಲಿ ಅದರ ಮೇಲೆ ನಡೆದ ಹಾಗೆ. ಹಾರ್ಡ್‌ಟೇಲ್‌ನಲ್ಲಿ, ಅಂದರೆ ಹಿಂದೆ ಸಸ್ಪೆನ್ಷನ್ ಇಲ್ಲದ ಸೈಕಲ್ಲಿನಲ್ಲಿ, ಇಂಥ ಕಡೆ ಏನಾಗುತ್ತದೆ? ಒಂದು ಮುಷ್ಟಿ ಗಾತ್ರದ ಕಲ್ಲು ಹಿಂದಿನ ಚಕ್ರಕ್ಕೆ ಸಿಕ್ಕಿತು ಅಂದರೆ ಚಕ್ರ ಅರೆಕ್ಷಣ ನೆಲ ಬಿಡುತ್ತದೆ. ಆ ಅರೆಕ್ಷಣದಲ್ಲೇ ನಿಮ್ಮ ಕಾಲು ಬಲವಾಗಿ ತುಳಿದಿರುತ್ತದೆ. ಚಕ್ರ ಸುಮ್ನೆ ಗಿರ್ರನೆ ತಿರುಗುತ್ತದೆ, ನೀವು ಕಾಲು ಊರುತ್ತೀರಿ. ಫುಲ್ ಸಸ್ಪೆನ್ಷನ್‌ನಲ್ಲಿ ಚಕ್ರ ಮಾತ್ರ ಕಲ್ಲಿನ ಮೇಲೆ ಹತ್ತಿ ಇಳಿಯುತ್ತದೆ, ನೆಲದ ಸಂಗ ಬಿಡುವುದಿಲ್ಲ. ಹಾರ್ಡ್‌ಟೇಲ್‌ನಲ್ಲಿ ಹತ್ತಕ್ಕೆ ನಾಲ್ಕು ಸಲ ದಾಟುತ್ತಿದ್ದ ಒಂದು ಏರನ್ನು ಇದರಲ್ಲಿ ಹತ್ತಕ್ಕೆ ಎಂಟು ಸಲ ದಾಟುತ್ತೇನೆ. ನನ್ನ ಕಾಲಿನ ಬಲವೇನೂ ಹೆಚ್ಚಿಲ್ಲ.

ಹಾಗಾದರೆ 150ರದ್ದೂ ಇದೇ ಕೆಲಸ ಮಾಡಬೇಕಲ್ವಾ? ಮಾಡುತ್ತದೆ. ಆದರೆ ಬೆಲೆ ಕೇಳುತ್ತದೆ. ಬಿಎಂಟಿಸಿ ಬಸ್ಸಿನಲ್ಲಿ ನಿಂತಿದ್ದಾಗ ಡ್ರೈವರ್ ಒಮ್ಮೆಲೇ ಬಸ್ ಎತ್ತಿದರೆ ನಾವೆಲ್ಲ ಹಿಂದಕ್ಕೆ ವಾಲುತ್ತೇವೆ. ಸೈಕಲ್ಲಿನಲ್ಲೂ ಹಾಗೇ. ಪ್ರತಿ ತುಳಿತಕ್ಕೂ ಸೈಕಲ್ ಮುಂದಕ್ಕೆ ನುಗ್ಗುತ್ತದೆ, ತೂಕ ಹಿಂದಕ್ಕೆ ಬೀಳುತ್ತದೆ, ಷಾಕ್ ಕುಸಿಯುತ್ತದೆ. ತುಳಿದದ್ದರಲ್ಲಿ ಸ್ವಲ್ಪ ಭಾಗ ಆ ಕುಸಿತಕ್ಕೆ ಹೋಯಿತು. ಇದನ್ನು ತಡೆಯಲು ಸೈಕಲ್ ವಿನ್ಯಾಸ ಮಾಡುವವರು ಚೈನಿನ ಎಳೆತವನ್ನೇ ಬಳಸುತ್ತಾರೆ. ಹಿಂಭಾಗ ತಿರುಗುವ ಕೀಲನ್ನು ಸರಿಯಾದ ಜಾಗದಲ್ಲಿ ಇಟ್ಟರೆ, ತುಳಿದಾಗ ಬಿಗಿಯಾಗುವ ಚೈನು ಷಾಕ್ ಕುಸಿಯದಂತೆ ಎದುರು ಹಿಡಿಯುತ್ತದೆ. ಇದಕ್ಕೆ ಆ್ಯಂಟಿ-ಸ್ಕ್ವಾಟ್ ಅಂತ ಹೆಸರು. ಆದರೆ ಇದನ್ನು ಅತಿ ಮಾಡಿದರೆ ಇನ್ನೊಂದು ತೊಂದರೆ. ಕಲ್ಲಿಗೆ ಚಕ್ರ ಮೇಲೆದ್ದಾಗ ಚೈನಿನ ಆ ಭಾಗ ಉದ್ದವಾಗಬೇಕಾಗುತ್ತದೆ, ಆಗ ಅದು ಪೆಡಲನ್ನೇ ಹಿಂದಕ್ಕೆ ಜಗ್ಗುತ್ತದೆ. ಅಂಗಾಲಿಗೆ ಟಕ್ ಟಕ್ ಅಂತ ಬಡಿದ ಹಾಗಾಗುತ್ತದೆ. ಟ್ರಾವೆಲ್ ಕಡಿಮೆ ಇದ್ದಷ್ಟೂ ಚೈನು ಉದ್ದವಾಗುವುದೂ ಕಡಿಮೆ. ಹಾಗಾಗಿ ಸಣ್ಣ ಟ್ರಾವೆಲ್‌ನ ಸೈಕಲ್ಲಿನಲ್ಲಿ ತುಳಿಯುವವರ ಪರವಾಗಿ ವಿನ್ಯಾಸ ಮಾಡಲು ಜಾಗ ಜಾಸ್ತಿ ಸಿಗುತ್ತದೆ.

ಒಂದು ಮಾತು. ಎದ್ದು ನಿಂತು ತುಳಿದರೆ ಯಾವ ಆ್ಯಂಟಿ-ಸ್ಕ್ವಾಟೂ ಪೂರ್ತಿ ಕಾಪಾಡುವುದಿಲ್ಲ. ನಿಮ್ಮ ಮೈಯೇ ಮೇಲೆ ಕೆಳಗೆ ಆಡುತ್ತಿರುತ್ತದೆ, ಸೈಕಲ್ಲೂ ಆಡುತ್ತದೆ. ಷಾಕ್ ಅದುಮದಂತೆ ಬಿಗಿ ಮಾಡುವ ಒಂದು ಲಿವರ್ ಇರುತ್ತದೆ, ಲಾಕ್‌ಔಟ್ ಅನ್ನುತ್ತಾರೆ. ಟಾರು ರಸ್ತೆಯಲ್ಲಿ ಅದನ್ನು ಹಾಕಿಕೊಳ್ಳಿ. ಆದರೆ ಕಲ್ಲಿನ ಏರಿನಲ್ಲಿ ದಯವಿಟ್ಟು ಬೇಡ. ತುಂಬಾ ಜನ ಏರು ಅಂದ ತಕ್ಷಣ ಲಿವರ್ ಒತ್ತುವುದನ್ನು ನೋಡುತ್ತೇನೆ. ಅಷ್ಟು ದುಡ್ಡು ಕೊಟ್ಟು ತಂದ ಹಿಡಿತವನ್ನು, ಅದು ಬೇಕಾದ ಜಾಗದಲ್ಲೇ ಬಂದ್ ಮಾಡಿದ ಹಾಗೆ.

ಈಗ ಇಳಿತಕ್ಕೆ ಬರೋಣ. ನಾನು ವಾರವಾರ ಓಡಿಸುವ ದಾರಿಯಲ್ಲಿ ಸುಮಾರು ನಲವತ್ತು ಹೆಜ್ಜೆ ಉದ್ದದ ಒಂದು ಬಂಡೆಸಾಲು ಇದೆ. ನೀಲಗಿರಿ ಮರಗಳ ನಡುವೆ ತಿರುವು ತಗೊಂಡ ಕೂಡಲೇ ಶುರುವಾಗುತ್ತದೆ. ಮೊದಲನೆಯ ಕಲ್ಲು ಒರಳುಕಲ್ಲಿನ ಥರ ಗುಂಡಗೆ. ಎರಡನೆಯದು ಎಡಕ್ಕೆ ವಾಲಿದ ಚಪ್ಪಡಿ. ಮೂರನೆಯದರ ಅಂಚು ಚೂಪು, ಟೈರು ಕತ್ತರಿಸುವಷ್ಟು. ಆಮೇಲೆ ಮೆಟ್ಟಿಲಿನ ಹಾಗೆ ನಾಲ್ಕೈದು ಕಲ್ಲು. 150ರ ಸೈಕಲ್ಲಿನಲ್ಲಿ ಎರಡು ವರ್ಷ ಇದರ ಮೇಲೆ ನೆಟ್ಟಗೆ ನಡುಮಧ್ಯದಲ್ಲೇ ಇಳಿದಿದ್ದೇನೆ. ಸೈಕಲ್ ನುಂಗಿಕೊಳ್ಳುತ್ತಿತ್ತು. ನಾನು ನೋಡುವ ಅಗತ್ಯವೇ ಇರಲಿಲ್ಲ. ಈ ಸೈಕಲ್ ತಂದ ಮೊದಲ ತಿಂಗಳಲ್ಲೇ ಗೊತ್ತಾಯಿತು, ಆ ಚೂಪು ಕಲ್ಲಿನ ಬಲಕ್ಕೆ ಒಂದು ಅಡಿ ಅಗಲದ ನುಣುಪು ಜಾಗ ಇದೆ. ಅದರ ಮೇಲೆ ಹೋದರೆ ಮೆಟ್ಟಿಲು ಕಲ್ಲುಗಳಿಗೆ ಸರಿಯಾದ ಕೋನದಲ್ಲಿ ಇಳಿಯಬಹುದು. ಆ ಜಾಗ ಎರಡು ವರ್ಷದಿಂದ ಅಲ್ಲೇ ಇತ್ತು. ನನಗೆ ಕಂಡಿರಲಿಲ್ಲ.

ನನಗೆ ಈ ಸೈಕಲ್ ಇಷ್ಟವಾಗಲು ಮುಖ್ಯ ಕಾರಣ ಇದೇ. ಇದು ನೆಲದ ಸುದ್ದಿಯನ್ನು ಕೈಗೂ ಕಾಲಿಗೂ ಮುಟ್ಟಿಸುತ್ತದೆ. ನೋವಾಗುವಷ್ಟಲ್ಲ, ಗೊತ್ತಾಗುವಷ್ಟು.

ಇನ್ನೊಂದು ಸಂಗತಿ ಇದೆ, ಅದನ್ನು ಓಡಿಸಿಯೇ ತಿಳಿಯಬೇಕು. ಉಯ್ಯಾಲೆ ಆಡುವಾಗ ಕೆಳಗೆ ಬಂದ ಹೊತ್ತಿಗೆ ಕಾಲಿನಲ್ಲಿ ಒತ್ತಿ ಜೀಕುತ್ತೇವಲ್ಲ, ಟ್ರೇಲಿನಲ್ಲೂ ಹಾಗೆ ಮಾಡಬಹುದು. ತಗ್ಗಿಗೆ ಇಳಿದಾಗ ಒತ್ತುವುದು, ದಿಣ್ಣೆ ಬಂದಾಗ ಹಗುರಾಗುವುದು. ಪೆಡಲ್ ತುಳಿಯದೆಯೇ ವೇಗ ಬರುತ್ತದೆ. ಹತ್ತಿ ಹಾಸಿಗೆ ಮೇಲೆ ನಿಂತು ಜಿಗಿಯಲು ನೋಡಿ, ನೀವು ಒತ್ತಿದ್ದೆಲ್ಲ ಹಾಸಿಗೆಗೇ ಹೋಗುತ್ತದೆ. ದೊಡ್ಡ ಟ್ರಾವೆಲ್‌ನ ಸೈಕಲ್ಲಿನಲ್ಲಿ ಹೀಗಾಗುತ್ತದೆ. 120ರದ್ದರಲ್ಲಿ ಒತ್ತಿದ ತಕ್ಷಣ ಕೆಳಗೆ ಗಟ್ಟಿ ಆಸರೆ ಸಿಗುತ್ತದೆ, ಅದು ನಿಮ್ಮನ್ನು ಮುಂದಕ್ಕೆ ತಳ್ಳುತ್ತದೆ. ತಿರುವಿನಲ್ಲೂ ಅಷ್ಟೇ. ಮಧ್ಯದಲ್ಲಿ ಸೈಕಲ್ ಕುಸಿದು ಎತ್ತರ ಬದಲಾಯಿಸುವುದಿಲ್ಲ, ಹಿಡಿದ ಗೆರೆಯಲ್ಲೇ ಹೋಗುತ್ತದೆ. ಕೆರೆ ಏರಿಯ ಮೇಲಿನ ಅಂಕುಡೊಂಕು ದಾರಿಯಲ್ಲಿ, ಮರಗಳ ನಡುವಿನ ಕಿರಿದಾದ ತಿರುವುಗಳಲ್ಲಿ ಇದರಷ್ಟು ಖುಷಿ ಕೊಡುವ ಸೈಕಲ್ಲನ್ನು ನಾನು ಓಡಿಸಿಲ್ಲ.

ಆದರೆ ಇದೆಲ್ಲ ಸಿಗುವುದು ಸರಿಯಾಗಿ ಹೊಂದಿಸಿಕೊಂಡರೆ ಮಾತ್ರ. ಇದನ್ನು ನಾನು ಕೈ ಮುರಿದುಕೊಂಡು ಕಲಿತೆ. ಸೈಕಲ್ ಹೊಸದರಲ್ಲಿ ಒಂದು ಅಂಗಡಿಯಲ್ಲಿ ಹೇಳಿದರು: "ಟ್ರಾವೆಲ್ ಕಡಿಮೆ ಇದೆಯಲ್ಲ, ಷಾಕಿಗೆ ಗಾಳಿ ಸ್ವಲ್ಪ ಕಡಿಮೆ ಹಾಕಿ ಮೆತ್ತಗೆ ಇಟ್ಟುಕೊಳ್ಳಿ, ದೊಡ್ಡ ಸೈಕಲ್ ಥರಾನೇ ಇರುತ್ತೆ." ಕೇಳಲು ಸರಿ ಅನ್ನಿಸಿತು. ಈ ಷಾಕ್ ಪೂರ್ತಿ ಅದುಮಿದರೆ 45 ಮಿ.ಮೀ. ಚಲಿಸುತ್ತದೆ, ಅಷ್ಟರಲ್ಲಿ ಚಕ್ರ 120 ಮಿ.ಮೀ. ಮೇಲೆ ಬರುತ್ತದೆ. ಅಂದರೆ ಷಾಕ್‌ನಲ್ಲಿ ಒಂದು ಮಿ.ಮೀ. ಅಂದರೆ ಚಕ್ರದಲ್ಲಿ ಎರಡೂವರೆಗಿಂತ ಜಾಸ್ತಿ. ನಾನು 17 ಮಿ.ಮೀ. ಸ್ಯಾಗ್ ಇಟ್ಟುಕೊಂಡೆ. ಲೆಕ್ಕ ಹಾಕಿ, 38 ಪರ್ಸೆಂಟ್ ಹತ್ತಿರ ಆಯಿತು. ಚಕ್ರದ ಲೆಕ್ಕದಲ್ಲಿ 45 ಮಿ.ಮೀ. ಕೂತಾಗಲೇ ಹೋಯಿತು. ಉಳಿದದ್ದು 75.

ಅದೇ ಬಂಡೆಸಾಲು. ಮೆಟ್ಟಿಲು ಕಲ್ಲುಗಳ ಎರಡನೆಯದರಲ್ಲಿ ಎಡ ಪೆಡಲ್ ಕಲ್ಲಿಗೆ ತಾಗಿತು. ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ. ಎಡಗೈ ಮಣಿಕಟ್ಟಿನಲ್ಲಿ ಸಣ್ಣ ಬಿರುಕು, ಆರು ವಾರ ಪಟ್ಟಿ. ಸರಿಯಾದ ಸ್ಯಾಗ್ ಇದ್ದಿದ್ದರೆ ಹಿಂಭಾಗ ಒಂದು ಸೆಂಟಿಮೀಟರಿಗೂ ಜಾಸ್ತಿ ಎತ್ತರದಲ್ಲಿ ಇರುತ್ತಿತ್ತು. ಸಣ್ಣ ಟ್ರಾವೆಲ್‌ನ ಸೈಕಲ್ಲುಗಳಲ್ಲಿ ಪೆಡಲ್ ಮೊದಲೇ ನೆಲಕ್ಕೆ ಹತ್ತಿರ ಇರುತ್ತದೆ. ಅಂಥದ್ದನ್ನು ಇನ್ನೂ ಕುಸಿಯಲು ಬಿಟ್ಟರೆ ಹೀಗೇ ಆಗುವುದು. ಮೆತ್ತಗೆ ಮಾಡಿದ ಮಾತ್ರಕ್ಕೆ 120, 150 ಆಗುವುದಿಲ್ಲ. ಇರುವ 120ನ್ನೂ ಕಳೆದುಕೊಳ್ಳುತ್ತೇವೆ.

ಈಗ ನಾನು 12.5 ಮಿ.ಮೀ. ಇಟ್ಟುಕೊಳ್ಳುತ್ತೇನೆ, ಅಂದರೆ 28 ಪರ್ಸೆಂಟ್. ನನ್ನ ತೂಕ 72 ಕೆ.ಜಿ. ಗಾಳಿಯ ಕೋಣೆಯಲ್ಲಿ ಒಂದು ಪ್ಲಾಸ್ಟಿಕ್ ತುಂಡನ್ನೂ ಸೇರಿಸಿದ್ದೇನೆ, ವಾಲ್ಯೂಮ್ ಸ್ಪೇಸರ್ ಅನ್ನುತ್ತಾರೆ. ಅದು ಗಾಳಿಗೆ ಇರುವ ಜಾಗವನ್ನು ಕಡಿಮೆ ಮಾಡುತ್ತದೆ. ಮೊದಲ ಅರ್ಧ ಹೆಚ್ಚು ಬದಲಾಗುವುದಿಲ್ಲ, ಕೊನೆಗೆ ಬರುತ್ತಿದ್ದ ಹಾಗೆ ಒತ್ತಡ ಬೇಗ ಏರುತ್ತದೆ. ಬಂಡೆಯಿಂದ ಎರಡಡಿ ಕೆಳಗೆ ಇಳಿದಾಗ ಮೊದಲು ಠಕ್ ಅಂತ ಷಾಕ್ ತಳ ತಾಗುತ್ತಿತ್ತು. ಈಗ ಇಲ್ಲ. ನಾನು ಮೊದಲು ತೋರಿಸಿದ ನಾಲ್ಕು ಮಿಲಿಮೀಟರ್ ಉಳಿತಾಯ ಆದದ್ದು ಹೀಗೆ.

ಪಂಪ್ ಬಗ್ಗೆ ಒಂದು ಸಣ್ಣ ವಿಷಯ, ಯಾಕೆಂದರೆ ತುಂಬಾ ಜನ ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ. ಷಾಕ್ ಪಂಪ್ ಬಿಚ್ಚುವಾಗ ಪುಸ್ ಅಂತ ಶಬ್ದ ಬರುತ್ತದೆ. ಗಾಳಿ ಹೋಯಿತು ಅಂತ ಹೆದರಿ ಮತ್ತೆ ಹಾಕಿ ನೋಡಿದರೆ ಪಂಪಿನ ಮೀಟರಿನ ಮುಳ್ಳು ಕೆಳಗೆ ಇರುತ್ತದೆ. ಆಗ ಇನ್ನಷ್ಟು ಪಂಪ್ ಮಾಡುತ್ತಾರೆ. ಆ ಪುಸ್ ಪಂಪಿನ ಪೈಪಿನಲ್ಲಿದ್ದ ಗಾಳಿಯದು, ಷಾಕಿನದಲ್ಲ. ಮತ್ತೆ ಸಿಕ್ಕಿಸಿದಾಗ ಖಾಲಿ ಪೈಪ್ ತುಂಬಲು ಷಾಕಿನ ಗಾಳಿಯೇ ಹೋಗುತ್ತದೆ, ಅದಕ್ಕೆ ಮುಳ್ಳು ಕೆಳಗೆ ಬರುವುದು. ಮುಳ್ಳನ್ನು ನಂಬಬೇಡಿ, ಉಂಗುರವನ್ನು ನಂಬಿ.

ಇನ್ನು ಈ ಕೆಂಪು ತಿರುಗಣೆ. ಇದು ರೀಬೌಂಡ್. ಅದುಮಿದ ಷಾಕ್ ಎಷ್ಟು ಬೇಗ ವಾಪಸ್ ಬರಬೇಕು ಅನ್ನುವುದನ್ನು ಇದು ಹೇಳುತ್ತದೆ. ಸಣ್ಣ ಟ್ರಾವೆಲ್‌ನಲ್ಲಿ ಇದಕ್ಕೆ ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕು ಅನ್ನುವುದು ನನ್ನ ಅನುಭವ. ಆ ಮೆಟ್ಟಿಲು ಕಲ್ಲುಗಳನ್ನೇ ನೆನಪಿಸಿಕೊಳ್ಳಿ. ಮೊದಲ ಕಲ್ಲಿಗೆ ಷಾಕ್ ಅದುಮಿತು. ಎರಡನೆಯ ಕಲ್ಲು ಬರುವುದರೊಳಗೆ ಅದು ವಾಪಸ್ ಬಂದಿರಬೇಕು. ನಿಧಾನವಾಗಿದ್ದರೆ ಅರ್ಧದಲ್ಲೇ ಎರಡನೆಯ ಏಟು ಬೀಳುತ್ತದೆ. ಮೂರನೆಯದು ಇನ್ನೂ ಕೆಳಗಿರುವಾಗ. ದೊಡ್ಡ ಸೈಕಲ್ಲಿಗೆ ಖರ್ಚು ಮಾಡಲು ಇನ್ನೂ ಇರುತ್ತದೆ. ಇದಕ್ಕೆ ನಾಲ್ಕನೆಯ ಕಲ್ಲಿಗೇ ಖಾಲಿ. ಆಗ ನೀವು ಹಾರ್ಡ್‌ಟೇಲ್ ಓಡಿಸುತ್ತಿದ್ದೀರಿ ಅಂತಲೇ ಲೆಕ್ಕ. ಪರೀಕ್ಷೆ ಸುಲಭ. ಸೀಟಿನ ಮೇಲೆ ಕೂತೇ ಫುಟ್‌ಪಾತ್ ಅಂಚಿನಿಂದ ಮೆಲ್ಲಗೆ ರಸ್ತೆಗೆ ಇಳಿಯಿರಿ. ಹಿಂಭಾಗ ಅದುಮಿ, ಒಮ್ಮೆ ಮೇಲೆ ಬಂದು, ತಟ್ಟನೆ ನೆಲೆ ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ತೀರಾ ವೇಗ. ಜೇನುತುಪ್ಪದಲ್ಲಿ ಅದ್ದಿದ ಹಾಗೆ ಬಂದರೆ ತೀರಾ ನಿಧಾನ.

ಇಲ್ಲಿ ಸ್ವಲ್ಪ ಬೇರೆ ಕಡೆ ಹೋಗಿ ಬರುತ್ತೇನೆ. ಸಣ್ಣ ಟ್ರಾವೆಲ್‌ನ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. 2012ರ ಲಂಡನ್ ಒಲಿಂಪಿಕ್ಸ್. ಎಸೆಕ್ಸ್‌ನ ಹ್ಯಾಡ್ಲೀ ಫಾರ್ಮ್‌ನಲ್ಲಿ ಗಂಡಸರ ಕ್ರಾಸ್‌ಕಂಟ್ರಿ ರೇಸು, ಅಂದರೆ ಏರು ಇಳಿತ ಎರಡೂ ಇರುವ ದಾರಿಯಲ್ಲಿ ಸುತ್ತು ಹಾಕುವ ಮೌಂಟನ್ ಬೈಕ್ ರೇಸು. ಮೌಂಟನ್ ಬೈಕಿಂಗ್ ಒಲಿಂಪಿಕ್ಸಿಗೆ ಬಂದದ್ದು 1996ರಲ್ಲಿ, ಅಟ್ಲಾಂಟಾದಲ್ಲಿ. ಅಲ್ಲಿಂದಲೂ ರೇಸು ಗೆಲ್ಲಬೇಕು ಅಂದರೆ ಹಗುರವಾದ ಹಾರ್ಡ್‌ಟೇಲ್ ಬೇಕು ಅನ್ನುವ ನಂಬಿಕೆ ಗಟ್ಟಿಯಾಗಿತ್ತು. ಲಂಡನ್ನಿನಲ್ಲಿ ಕೊನೆಗೆ ಇಬ್ಬರು ಮುಂದಿದ್ದರು. ಸ್ವಿಟ್ಜರ್ಲೆಂಡಿನ ನಿನೋ ಶುರ್ಟರ್ ಹಾರ್ಡ್‌ಟೇಲ್ ಮೇಲೆ. ಚೆಕ್ ದೇಶದ ಯಾರೋಸ್ಲಾವ್ ಕುಲ್ಹಾವಿ ಫುಲ್ ಸಸ್ಪೆನ್ಷನ್ ಮೇಲೆ. ಕೊನೆಯ ತಿರುವುಗಳ ಹತ್ತಿರ ಕುಲ್ಹಾವಿ ಮುಂದೆ ನುಗ್ಗಿ ಒಂದು ಸೆಕೆಂಡಿನ ಅಂತರದಲ್ಲಿ ಚಿನ್ನ ಗೆದ್ದರು.

ಒಂದೂವರೆ ಗಂಟೆಯ ರೇಸಿನಲ್ಲಿ ಒಂದು ಸೆಕೆಂಡು. ಅದನ್ನು ಸೈಕಲ್ಲೇ ಗೆಲ್ಲಿಸಿತು ಅಂತ ನಾನು ಹೇಳಲಾರೆ. ಕುಲ್ಹಾವಿಯ ಕಾಲಿನ ಬಲವನ್ನು ಯಾರೂ ಕಡಿಮೆ ಮಾಡಿ ಮಾತಾಡಬಾರದು. ಆದರೆ ನಾಲ್ಕು ವರ್ಷದ ನಂತರ ರಿಯೋದಲ್ಲಿ ಏನಾಯಿತು ನೋಡಿ. ಶುರ್ಟರ್ ಈ ಸಲ ಫುಲ್ ಸಸ್ಪೆನ್ಷನ್ ಸ್ಕಾಟ್ ಸ್ಪಾರ್ಕ್ ತಂದರು. ಚಿನ್ನ ಅವರಿಗೆ, ಬೆಳ್ಳಿ ಕುಲ್ಹಾವಿಗೆ. ಹೆಂಗಸರ ಚಿನ್ನ ಗೆದ್ದ ಸ್ವೀಡನ್ನಿನ ಜೆನ್ನಿ ರಿಸ್ವೆಡ್ಸ್ ಅವರದ್ದೂ ಅದೇ ಮಾದರಿಯ ಸೈಕಲ್. ಕೆಲವು ಇಂಚು ಟ್ರಾವೆಲ್ ಹಿಂದೆ ಇದ್ದರೆ ತೂಕ ಸ್ವಲ್ಪ ಜಾಸ್ತಿಯಾದರೂ ಒಟ್ಟಿನಲ್ಲಿ ಲಾಭ ಅನ್ನುವುದನ್ನು ಈಗ ರೇಸಿನವರೂ ಒಪ್ಪಿದ್ದಾರೆ. ಕೂತು ತುಳಿಯುವ ಹೊತ್ತು ಜಾಸ್ತಿ ಸಿಗುತ್ತದೆ, ಬೆನ್ನು ಸುಸ್ತಾಗುವುದಿಲ್ಲ, ಕೊನೆಯ ಸುತ್ತಿಗೆ ಶಕ್ತಿ ಉಳಿಯುತ್ತದೆ.

ಆ ರೇಸ್ ಸೈಕಲ್ಲುಗಳಿಗೂ ನನ್ನ ಈ ಸೈಕಲ್ಲಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅದು ಟ್ರಾವೆಲ್‌ನಲ್ಲಿ ಇಲ್ಲ, ಆಕಾರದಲ್ಲಿ ಇದೆ. 2020ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್ ಊರಿನ ಟ್ರಾನ್ಸಿಶನ್ ಕಂಪನಿ ಸ್ಪರ್ ಅನ್ನುವ ಸೈಕಲ್ ತಂದಿತು. ಹಿಂದೆ ಮುಂದೆ ಎರಡೂ 120 ಮಿ.ಮೀ. ಆದರೆ ಮುಂದಿನ ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವಲು, ವಾಲಿರುವ ಕೋನ 66 ಡಿಗ್ರಿ. ಹಳೆಯ ಕ್ರಾಸ್‌ಕಂಟ್ರಿ ಸೈಕಲ್ಲುಗಳಲ್ಲಿ ಅದು 71ರ ಹತ್ತಿರ ಇರುತ್ತಿತ್ತು. ಕೋನ ಕಡಿಮೆಯಾದಷ್ಟೂ ಮುಂದಿನ ಚಕ್ರ ನಿಮ್ಮಿಂದ ಮುಂದಕ್ಕೆ ಹೋಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಹ್ಯಾಂಡಲ್ ಮೇಲಿಂದ ಮಗುಚಿ ಬೀಳುವ ಭಯ ಕಡಿಮೆ. ದೊಡ್ಡ ಸೈಕಲ್ಲುಗಳ ಆಕಾರ, ಸಣ್ಣ ಟ್ರಾವೆಲ್. ಇಂಥವಕ್ಕೆ ಈಗ ಡೌನ್‌ಕಂಟ್ರಿ ಅನ್ನುವ ಹೆಸರೂ ಬಂದಿದೆ. ನನ್ನದು ಆ ಕಂಪನಿಯದ್ದಲ್ಲ, ಆದರೆ ಅದೇ ದಾರಿಯಲ್ಲಿ ಬಂದದ್ದು.

ಹಿಂದಿನ ಚಕ್ರದ ಹತ್ತಿರ ಬಗ್ಗಿ ನೋಡಿದರೆ ಇನ್ನೊಂದು ವಿಶೇಷ ಕಾಣುತ್ತದೆ. ಇಲ್ಲಿ ಕೀಲು ಇಲ್ಲ. ಸ್ಪರ್‌ನಲ್ಲೂ ಇಲ್ಲ. ಷಾಕ್ ಅದುಮಿದಾಗ ಕಾರ್ಬನ್ ಕೊಳವೆಯೇ ಸ್ವಲ್ಪ ಬಾಗಿ, ಮತ್ತೆ ನೆಟ್ಟಗಾಗುತ್ತದೆ. ಕೈಯಲ್ಲಿ ಬಿದಿರು ದಬ್ಬೆ ಬಗ್ಗಿಸಿ ಬಿಟ್ಟ ಹಾಗೆ. ಸಣ್ಣ ಟ್ರಾವೆಲ್ ಇರುವುದರಿಂದಲೇ ಇದು ಸಾಧ್ಯ. ಟ್ರಾವೆಲ್ ಜಾಸ್ತಿಯಾದರೆ ಬಾಗುವುದೂ ಜಾಸ್ತಿಯಾಗಬೇಕು, ಕೊಳವೆ ತಡೆಯುವುದು ಕಷ್ಟ. ನಮಗೆ ಇದರಿಂದ ಏನು ಲಾಭ ಅಂದರೆ, ಎರಡು ಬೇರಿಂಗ್ ಕಡಿಮೆ. ಬೇಸಿಗೆಯ ಕೆಮ್ಮಣ್ಣಿನ ಧೂಳು, ಮಳೆಗಾಲದ ರಾಡಿ, ಎರಡನ್ನೂ ಕಂಡ ನಮಗೆ ಬೇರಿಂಗ್ ಕಡಿಮೆ ಇದ್ದಷ್ಟೂ ಒಳ್ಳೆಯದು.

ಆದರೆ ಇದೇ ಆಕಾರದಿಂದ ಒಂದು ಅಪಾಯವೂ ಇದೆ. ಸೈಕಲ್ ಉದ್ದ, ಮುಂದಿನ ಚಕ್ರ ದೂರ, ಸೀಟು ಕೆಳಗಿಳಿಸುವ ಡ್ರಾಪರ್ ಪೋಸ್ಟ್ ಬೇರೆ. ಧೈರ್ಯ ತಾನಾಗಿ ಬರುತ್ತದೆ. ಬೇಗ ಹೋಗುತ್ತೀರಿ. ಆದರೆ ಆ ವೇಗದಲ್ಲಿ ಗೆರೆ ತಪ್ಪಿದರೆ ಕಾಪಾಡಲು ಕೆಳಗಿರುವುದು 84 ಮಿ.ಮೀ. ಮಾತ್ರ. ಎಷ್ಟೋ ಸಲ ಇಳಿಜಾರಿನ ಮಧ್ಯದಲ್ಲಿ ನನಗೆ ಇದರ ಅರಿವಾಗಿದೆ, ಬ್ರೇಕ್ ಹಿಡಿದಿದ್ದೇನೆ.

ಎಲ್ಲಿ ಇದು ಸಾಲುವುದಿಲ್ಲ ಅಂತ ಹೇಳಬೇಕಲ್ಲ, ಹೇಳುತ್ತೇನೆ. ಸ್ನೇಹಿತರ ಜೊತೆ ಮನಾಲಿ ಕಡೆ ಹೋಗಿದ್ದೆ. ಅಲ್ಲಿ ಮುಕ್ಕಾಲು ಗಂಟೆ ಒಂದೇ ಸಮ ಇಳಿಯುವ ದಾರಿಗಳಿವೆ. ಹತ್ತು ನಿಮಿಷಕ್ಕೆ ನನ್ನ ಮುಂಗೈ ಒನಕೆಯ ಹಾಗೆ ಗಟ್ಟಿಯಾಯಿತು. ಇಪ್ಪತ್ತು ನಿಮಿಷಕ್ಕೆ ಬ್ರೇಕ್ ಲಿವರ್ ಹಿಡಿದ ಬೆರಳಿನ ಅರಿವೇ ಇಲ್ಲ. 160 ಮಿ.ಮೀ. ಸೈಕಲ್ ತಂದಿದ್ದ ಸ್ನೇಹಿತ ಕೆಳಗೆ ಚಹಾ ಕುಡಿಯುತ್ತಾ ಕೂತಿದ್ದ. ನಡುವೆ ನಿಲ್ಲಿಸಿ ಷಾಕ್ ಮುಟ್ಟಿದರೆ ಬಿಸಿ. ಇಂಥ ಸಣ್ಣ ಷಾಕಿನಲ್ಲಿ ಎಣ್ಣೆ ಇರುವುದೇ ಸ್ವಲ್ಪ, ಪಕ್ಕಕ್ಕೆ ಬೇರೆ ಟ್ಯಾಂಕ್ ಇಲ್ಲ. ಬಿಸಿಯಾದ ಎಣ್ಣೆ ತೆಳುವಾಗುತ್ತದೆ, ರೀಬೌಂಡ್ ಹಿಡಿತ ತಪ್ಪುತ್ತದೆ, ಹಿಂಭಾಗ ಕುಣಿಯಲು ಶುರು ಮಾಡುತ್ತದೆ. ಅಲ್ಲಿಗೆ 120 ತಪ್ಪು ಆಯ್ಕೆ. ಮುಂದಿನ ಸಲ ಅಲ್ಲೇ ದೊಡ್ಡ ಸೈಕಲ್ ಬಾಡಿಗೆಗೆ ತಗೊಳ್ಳುತ್ತೇನೆ.

ಸಕಲೇಶಪುರದ ಕಡೆ ನೆಂಟರ ಕಾಫಿ ತೋಟದಲ್ಲಿ ಮಾತ್ರ ಬೇರೆಯೇ ಅನುಭವ. ಮಳೆ ನಿಂತ ಮಾರನೇ ದಿನ, ನೆನೆದ ಎಲೆ, ಅದರ ಕೆಳಗೆ ಸಿಲ್ವರ್ ಓಕ್ ಬೇರು. ಅಲ್ಲಿ ವೇಗ ಇಲ್ಲ, ಏಟೂ ಇಲ್ಲ. ಬೇಕಾದದ್ದು ಹಿಡಿತ. ಅದನ್ನು ಕೊಟ್ಟದ್ದು ಷಾಕ್‌ಗಿಂತ ಟೈರು. 2.4 ಇಂಚಿನ ಟ್ಯೂಬ್‌ಲೆಸ್ ಟೈರಿನಲ್ಲಿ ನಾನು ಮುಂದೆ 21, ಹಿಂದೆ 24 ಪಿಎಸ್‌ಐ ಗಾಳಿ ಇಟ್ಟುಕೊಳ್ಳುತ್ತೇನೆ. ಎರಡು ಪಿಎಸ್‌ಐ ಜಾಸ್ತಿ ಮಾಡಿ ನೋಡಿದೆ, ಬೇರಿನ ಮೇಲೆ ಹಿಂದಿನ ಚಕ್ರ ಸರ್ರನೆ ಜಾರಿತು. ಇಳಿಸಿದೆ, ನಿಂತಿತು. ಟ್ರಾವೆಲ್ ಬಗ್ಗೆ ವಾದ ಮಾಡುವ ಮೊದಲು ಟೈರಿನ ಗಾಳಿ ನೋಡಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಒಬ್ಬರು ಕೇಳುತ್ತಿದ್ದಾರೆ, ತಮ್ಮ ತೂಕ 50 ಕೆ.ಜಿ., ಸಸ್ಪೆನ್ಷನ್ ಕೆಲಸವೇ ಮಾಡುವುದಿಲ್ಲ ಅನ್ನಿಸುತ್ತದೆ ಅಂತ. ಇದು ತುಂಬಾ ಒಳ್ಳೆಯ ಪ್ರಶ್ನೆ. ನನ್ನ ಹೆಂಡತಿ 52 ಕೆ.ಜಿ. ಅವಳ ಸೈಕಲ್ಲಿನ ಉಂಗುರ ಯಾವತ್ತೂ ಮುಕ್ಕಾಲು ಭಾಗ ದಾಟುತ್ತಿರಲಿಲ್ಲ. ಕಾರ್ಖಾನೆಯಿಂದ ಬರುವ ಸೆಟ್ಟಿಂಗ್ ಹೆಚ್ಚಾಗಿ ಇನ್ನೂ ಭಾರದ ಸವಾರರಿಗೆ ಹೊಂದುವ ಹಾಗಿರುತ್ತದೆ. ನಾವು ಮಾಡಿದ್ದು ಮೂರು ಕೆಲಸ. ಸ್ಯಾಗ್ 30 ಪರ್ಸೆಂಟ್ ಬರುವವರೆಗೆ ಗಾಳಿ ಇಳಿಸಿದೆವು. ಒಳಗಿದ್ದ ಸ್ಪೇಸರ್ ತೆಗೆಸಿದೆವು. ಗಾಳಿ ಕಡಿಮೆ ಇದ್ದರೆ ವಾಪಸ್ ತಳ್ಳುವ ಬಲವೂ ಕಡಿಮೆ, ಹಾಗಾಗಿ ರೀಬೌಂಡ್ ತಿರುಗಣೆಯನ್ನು ವೇಗದ ಕಡೆಗೆ ಸಾಕಷ್ಟು ತಿರುಗಿಸಿದೆವು. ಅವತ್ತು ಸಂಜೆ ಅವಳು ಆ ಬಂಡೆಸಾಲನ್ನು ಮೂರು ಸಲ ಇಳಿದಳು. ಸೈಕಲ್ ಸರಿ ಇಲ್ಲ ಅಂತ ಮಾರಲು ಹೊರಟಿದ್ದವಳು ಈಗ ನನ್ನನ್ನೇ ಬೆಳಗ್ಗೆ ಐದಕ್ಕೆ ಎಬ್ಬಿಸುತ್ತಾಳೆ.

ಇನ್ನೊಂದು ಪ್ರಶ್ನೆ, ಮೊದಲ ಸೈಕಲ್ ಇದೇ ಆಗಬಹುದಾ ಅಂತ. ದುಡ್ಡು ಸಾಕಷ್ಟಿದ್ದರೆ ಆಗಬಹುದು. ಮಿತಿ ಇದ್ದರೆ ಅದೇ ದುಡ್ಡಿಗೆ ಬರುವ ಒಳ್ಳೆಯ ಹಾರ್ಡ್‌ಟೇಲ್ ತಗೊಳ್ಳಿ. ಅಗ್ಗದ ಫುಲ್ ಸಸ್ಪೆನ್ಷನ್ ಬೇಡವೇ ಬೇಡ. ಅದರಲ್ಲಿ ಷಾಕ್ ಬದಲು ಬರೀ ಸ್ಪ್ರಿಂಗ್ ಇರುತ್ತದೆ, ವಾಪಸ್ ಬರುವುದನ್ನು ತಡೆಯುವ ಎಣ್ಣೆಯ ವ್ಯವಸ್ಥೆ ಇರುವುದಿಲ್ಲ. ಕುದುರೆಯ ಹಾಗೆ ಎತ್ತಿ ಹಾಕುತ್ತದೆ. ಮತ್ತೆ ಆರೈಕೆಯ ಖರ್ಚನ್ನೂ ಲೆಕ್ಕಕ್ಕೆ ತಗೊಳ್ಳಿ. ಷಾಕ್, ಫೋರ್ಕ್ ಎರಡಕ್ಕೂ ಸುಮಾರು 50 ಗಂಟೆ ಓಡಿಸಿದ ಮೇಲೆ ಸಣ್ಣ ಸರ್ವಿಸ್ ಬೇಕು. ವಾರಕ್ಕೆ ಎರಡು ಗಂಟೆ ಅಂದರೆ ಆರು ತಿಂಗಳಿಗೆ ಒಮ್ಮೆ. ಕಾರು ತೊಳೆಯುವ ಪ್ರೆಷರ್ ಪೈಪ್ ಹತ್ತಿರ ತರಲೇಬೇಡಿ, ಬೇರಿಂಗ್ ಒಳಗಿನ ಗ್ರೀಸನ್ನೇ ಹೊರಗೆ ತಳ್ಳಿಬಿಡುತ್ತದೆ. ಓಡಿಸಿ ಬಂದ ಮೇಲೆ ಈ ಕಂಬಿಯನ್ನು ಹಳೆಯ ಬನಿಯನ್ ಬಟ್ಟೆಯಲ್ಲಿ ಒರೆಸಿ. ಧೂಳು ಎಣ್ಣೆ ಸೇರಿದರೆ ಅದು ಮರಳು ಕಾಗದದ ಹಾಗೆ ಸೀಲನ್ನು ತಿನ್ನುತ್ತದೆ. ಅರ್ಧ ನಿಮಿಷದ ಕೆಲಸ.

ಷಾಕ್ ಪಂಪ್ ಎರಡು ತಂದಿದ್ದೇನೆ. ಹೊರಗೆ ನಿಮ್ಮ ಸೈಕಲ್ಲುಗಳು ನಿಂತಿರುವುದನ್ನು ಬರುವಾಗಲೇ ನೋಡಿದೆ. ಒಬ್ಬೊಬ್ಬರಾಗಿ ಬನ್ನಿ. ಹೆಲ್ಮೆಟ್, ಬ್ಯಾಗು, ತುಂಬಿದ ನೀರಿನ ಬಾಟಲಿ, ಟ್ರೇಲಿಗೆ ಹೋಗುವಾಗ ಏನೇನು ಇರುತ್ತದೋ ಎಲ್ಲದರ ಸಮೇತ ಕೂತುಕೊಳ್ಳಿ. ಗೋಡೆಗೆ ಮೊಣಕೈ ಆನಿಸಿ, ಎರಡು ಕಾಲೂ ಪೆಡಲ್ ಮೇಲೆ ಇಡಿ. ನಾನು ಉಂಗುರವನ್ನು ಸೀಲಿನವರೆಗೆ ತಳ್ಳುತ್ತೇನೆ. ಆಮೇಲೆ ಕುಲುಕದೆ ಮೆಲ್ಲಗೆ ಇಳಿಯಿರಿ. ಸ್ಕೇಲ್ ನನ್ನ ಜೇಬಿನಲ್ಲಿದೆ.